ಪಿಎಚ್‌ಡಿಗೆ ಜಾಗ ಎಲ್ಲಿ ಸಿಗುತ್ತೆ, ಮೇಡಂ?

ಏಳನೇ ಸೆಮಿಸ್ಟರ್ ಶುರುವಾದ ಮೇಲೆ ನಮ್ಮ ಸಿವಿಲ್ ವಿಭಾಗದ ಮಕ್ಕಳ ಕೈಗೆ ಒಂದು ಜಾಹೀರಾತಿನ ಪ್ರಿಂಟ್ ಕೊಡುವ ರೂಢಿ ಇಟ್ಟುಕೊಂಡಿದ್ದೇನೆ. ಸ್ವೀಡನ್ನಿನ ಯಾವುದೋ ವಿಶ್ವವಿದ್ಯಾಲಯ ಪಿಎಚ್‌ಡಿ ವಿದ್ಯಾರ್ಥಿ ಬೇಕಾಗಿದ್ದಾರೆ ಎಂದು ಹೊರಡಿಸಿದ ಎರಡು ಪುಟ. ಓದಿ, ಇದರಲ್ಲಿ ಏನಿದೆ ಏನಿಲ್ಲ ಹೇಳಿ ಅನ್ನುತ್ತೇನೆ. ಎಲ್ಲರ ಕಣ್ಣೂ ಮೊದಲು ಇಷ್ಟು ಪರ್ಸೆಂಟ್ ಅಂಕ ಬೇಕು ಅನ್ನುವ ಸಾಲನ್ನು ಹುಡುಕುತ್ತದೆ, ಸಿಗುವುದಿಲ್ಲ. ಆಮೇಲೆ ಫೀಸು ಹುಡುಕುತ್ತದೆ. ಅದೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಪಿಎಚ್‌ಡಿಗೆ ಫೀಸೇ ಇಲ್ಲ, ಯಾವ ದೇಶದವರಾದರೂ ಸರಿ. ಇರುವುದು ಬೇರೆ ಬೇರೆ ಸಂಗತಿ. ಕಲುಷಿತ ಮಣ್ಣಿನಿಂದ ಅಂತರ್ಜಲಕ್ಕೆ ಪಿಫಾಸ್ ಎಂಬ ರಾಸಾಯನಿಕಗಳು ಹೇಗೆ ಇಳಿಯುತ್ತವೆ ಎಂಬುದು ವಿಷಯ. ಕೆಲಸ ಅಂದರೆ ಮಣ್ಣು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ನೋಡುವ ಕಾಲಂ ಪ್ರಯೋಗ, ಮಾದರಿ ಸಂಗ್ರಹ, ಕಂಪ್ಯೂಟರ್ ಮಾಡೆಲಿಂಗ್. ನಾಲ್ಕು ವರ್ಷದ ನೌಕರಿ, ತಿಂಗಳ ಸಂಬಳ. ಜೊತೆಗೆ ಶೇಕಡಾ 20ರವರೆಗೆ ಪಾಠ, ಲ್ಯಾಬ್ ನೋಡಿಕೊಳ್ಳುವುದು ಇರಬಹುದು. ಇದ್ದರೆ ನಾಲ್ಕು ವರ್ಷ ಐದಾಗುತ್ತದೆ. ಕೊನೆಯಲ್ಲಿ ಕಡತದ ನಂಬರು, ಕೊನೆಯ ದಿನಾಂಕ, ಅನುಮಾನವಿದ್ದರೆ ಕೇಳಬೇಕಾದ ಪ್ರೊಫೆಸರ್ ಯಾರು ಎಂಬುದು. ಅದರ ಕೆಳಗೆ ನೌಕರರ ಸಂಘದ ಪ್ರತಿನಿಧಿಗಳನ್ನು ಹೇಗೆ ಸಂಪರ್ಕಿಸಬೇಕು ಎಂಬ ವಿವರ.

ಈ ಕೊನೆಯದನ್ನು ಕಂಡು ಹುಡುಗರು ನಗುತ್ತಾರೆ. ಪಿಎಚ್‌ಡಿ ಮಾಡುವವರಿಗೂ ಯೂನಿಯನ್ನಾ ಮೇಡಂ? ಹೌದು, ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿ ವಿಶ್ವವಿದ್ಯಾಲಯದ ನೌಕರ. ತಿಂಗಳಿಗೆ 30,000 ಕ್ರೋನರ್ ಮೇಲೆ ಸಂಬಳ, ಅದಕ್ಕೆ ತೆರಿಗೆ, ರಜೆ, ಕಾಯಿಲೆ ಬಿದ್ದರೆ ಸಿಕ್ ಪೇ, ಎಲ್ಲ ಉಂಟು. ಪೂರ್ತಿ ಅವಧಿಗೆ ದುಡ್ಡಿನ ವ್ಯವಸ್ಥೆ ಇದೆ ಎಂದು ಖಾತ್ರಿಯಾಗದೆ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ ಎಂದು ಅಲ್ಲಿನ ನಿಯಮವೇ ಇದೆ. ಹಾಗಾಗಿ ಹುದ್ದೆ ಹುಟ್ಟುವುದು ಪ್ರವೇಶ ಪರೀಕ್ಷೆಯಿಂದಲ್ಲ. ಯಾರದೋ ಒಬ್ಬರ ಹತ್ತಿರ ಒಂದು ಪ್ರಶ್ನೆ ಇದ್ದು, ಆ ಪ್ರಶ್ನೆಗೆ ಯಾರೋ ಹಣ ಕೊಟ್ಟಾಗ.

ನಾನು ಮಕ್ಕಳಿಗೆ ಹೇಳುವುದೂ ಇಷ್ಟೇ. ವಿಶ್ವವಿದ್ಯಾಲಯಗಳ ರ‍್ಯಾಂಕ್ ಪಟ್ಟಿ ಹಿಡಿದು ಮೇಲಿನಿಂದ ಕೆಳಕ್ಕೆ ಅರ್ಜಿ ಹಾಕುತ್ತಾ ಹೋಗಬೇಡಿ. ನಿಮ್ಮ ವಿಷಯದಲ್ಲಿ ಈಗ ಹಣ ಯಾವ ಪ್ರಶ್ನೆಯ ಹಿಂದೆ ಹೊರಟಿದೆ, ಯಾಕೆ ಹೊರಟಿದೆ ಎಂಬುದನ್ನು ಮೊದಲು ನೋಡಿ.

ಪಿಫಾಸ್ ಕಥೆಯನ್ನೇ ತೆಗೆದುಕೊಳ್ಳಿ. ದಕ್ಷಿಣ ಸ್ವೀಡನ್ನಿನಲ್ಲಿ ರೊನ್ನೆಬಿ ಎಂಬ ಊರು. ಪಕ್ಕದ ಕಾಲಿಂಗೆಯಲ್ಲಿ ವಾಯುಪಡೆಯ ನೆಲೆ. ಬೆಂಕಿ ಆರಿಸುವ ತಾಲೀಮಿನಲ್ಲಿ ವರ್ಷಗಟ್ಟಲೆ ಬಳಸಿದ ನೊರೆಯಲ್ಲಿದ್ದ ಪಿಫಾಸ್ ಮಣ್ಣಿಗಿಳಿದು, ಅಲ್ಲಿಂದ ಕುಡಿಯುವ ನೀರಿನ ಬಾವಿಗೆ ಸೇರಿತ್ತು. ಗೊತ್ತಾದದ್ದು 2013ರ ಡಿಸೆಂಬರ್‌ನಲ್ಲಿ; ಆ ನೀರಿನ ಘಟಕವನ್ನು ಕೂಡಲೇ ಬಂದ್ ಮಾಡಿದರು. ಜನ ಕೋರ್ಟಿಗೆ ಹೋದರು. ಸರಿಯಾಗಿ ಹತ್ತು ವರ್ಷದ ಮೇಲೆ, 2023ರ ಡಿಸೆಂಬರ್‌ನಲ್ಲಿ, ರಕ್ತದಲ್ಲಿ ಪಿಫಾಸ್ ಈ ಮಟ್ಟಕ್ಕೆ ಏರಿರುವುದೇ ದೈಹಿಕ ಹಾನಿ ಎಂದು ಸ್ವೀಡನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಈ ನಡುವೆ ಯುರೋಪಿನ ಕುಡಿಯುವ ನೀರಿನ ಕಾನೂನು 2020ರಲ್ಲಿ ಬದಲಾಗಿ ಪಿಫಾಸ್‌ಗೆ ಮಿತಿ ಬಂತು. ಸ್ವೀಡನ್ ಅದಕ್ಕಿಂತ ಬಿಗಿಯಾಗಿ, ನಾಲ್ಕು ಮುಖ್ಯ ಪಿಫಾಸ್‌ಗಳು ಸೇರಿ ಲೀಟರಿಗೆ 4 ನ್ಯಾನೋಗ್ರಾಂ ದಾಟಬಾರದು ಎಂದು 2026ರಿಂದ ಜಾರಿಗೆ ತಂದಿತು. ನ್ಯಾನೋಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಊರೂರಿನ ನೀರು ಸರಬರಾಜಿನವರಿಗೆ ತಲೆನೋವು ಶುರು: ಅಳೆಯುವುದು ಹೇಗೆ, ತೆಗೆಯುವುದು ಹೇಗೆ, ತೆಗೆದದ್ದನ್ನು ಎಲ್ಲಿ ಬಿಸಾಕುವುದು? ಆ ತಲೆನೋವಿಗೆ ಅನುದಾನ ಬಂತು. ಅನುದಾನದಿಂದ ಹುದ್ದೆ ಬಂತು, ಹುದ್ದೆಯಿಂದ ನಮ್ಮ ಹುಡುಗರ ಕೈಯಲ್ಲಿರುವ ಎರಡು ಪುಟ.

ಸ್ವೀಡನ್ನಿನಲ್ಲಿ ನಾನು ಮಾಡಿದ ಪಿಎಚ್‌ಡಿಯೂ ಹೀಗೇ ಹುಟ್ಟಿದ್ದು. ನಾವು ನುಂಗಿದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯ ಒಂದು ಪಾಲು ಮೂತ್ರದಲ್ಲಿ ಹೊರಬಂದು ಚರಂಡಿ ಸೇರುತ್ತದೆ. ಮಾಮೂಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ ಅದನ್ನು ಪೂರ್ತಿ ಹಿಡಿಯುವುದಿಲ್ಲ. ಅದಕ್ಕೆ ಇನ್ನೊಂದು ಹಂತ ಬೇಕು. ಓಝೋನ್ ಹಾಯಿಸಬೇಕು, ಇಲ್ಲವೇ ಸಕ್ರಿಯ ಇದ್ದಿಲಿನ ಮೂಲಕ ಸೋಸಬೇಕು. ಸ್ವಿಟ್ಜರ್ಲೆಂಡ್ 2016ರಲ್ಲೇ ಆಯ್ದ ಘಟಕಗಳಿಗೆ ಇದನ್ನು ಕಡ್ಡಾಯ ಮಾಡಿತು. ಝೂರಿಕ್ ಪಕ್ಕದ ಡ್ಯೂಬೆನ್‌ಡಾರ್ಫ್‌ನಲ್ಲಿರುವ ಎವಾಗ್ ಎಂಬ ಜಲವಿಜ್ಞಾನ ಸಂಸ್ಥೆ ಅದಕ್ಕೆ ಬೇಕಾದ ಅಧ್ಯಯನಗಳನ್ನು ಮೊದಲೇ ಮಾಡಿಟ್ಟಿತ್ತು. ಈಗ ಯುರೋಪಿನ ಒಕ್ಕೂಟ 2024ರ ಕೊನೆಗೆ ಹೊಸ ನಿರ್ದೇಶನ ತಂದಿದೆ. ಒಂದೂವರೆ ಲಕ್ಷ ಜನರ ಹೊರೆ ಹೊರುವ ಮತ್ತು ಅದಕ್ಕಿಂತ ದೊಡ್ಡ ಘಟಕಗಳೆಲ್ಲ 2045ರೊಳಗೆ ಹಂತ ಹಂತವಾಗಿ ಈ ಹೆಚ್ಚಿನ ಶುದ್ಧೀಕರಣ ಮಾಡಬೇಕು. ಖರ್ಚಿನ ಶೇಕಡಾ 80ನ್ನಾದರೂ ಔಷಧಿ ಮತ್ತು ಸೌಂದರ್ಯವರ್ಧಕ ಕಂಪನಿಗಳು ಭರಿಸಬೇಕು. ಕಂಪನಿಗಳಿಗೆ ಇದು ಸುತರಾಂ ಇಷ್ಟವಿಲ್ಲ, ವ್ಯಾಜ್ಯ ನಡೆದಿದೆ. ಆದರೂ ನೀರಿನ ರಸಾಯನಶಾಸ್ತ್ರ ಬಲ್ಲ ಎಂಜಿನಿಯರಿಗೆ ಇನ್ನು ಸಾಕಷ್ಟು ವರ್ಷ ಕೆಲಸವಿದೆ ಎಂದು ಈ ಒಂದು ಕಾನೂನು ಓದಿದರೆ ಗೊತ್ತಾಗುತ್ತದೆ. ಅಂದಹಾಗೆ, ಸ್ವೀಡನ್ನಿನ ನಮ್ಮ ಲ್ಯಾಬಿಗೆ ಬಂದ ಇದ್ದಿಲಿನ ಚೀಲವೊಂದರ ಮೇಲೆ 'ತೆಂಗಿನ ಚಿಪ್ಪು, ಭಾರತ' ಎಂದು ಬರೆದಿತ್ತು. ತಿಪಟೂರು ಸೀಮೆಯವಳಾದ ನಾನು ಅದರ ಫೋಟೋ ತೆಗೆದು ಮನೆಗೆ ಕಳಿಸಿದ್ದೆ. ಅಪ್ಪ, 'ಇಲ್ಲಿ ಚಿಪ್ಪು ಕೇಳೋರಿಲ್ಲ' ಎಂದು ಉತ್ತರ ಬರೆದರು.

ಹಣ ಹೊರಟ ದಾರಿಯನ್ನು ಹಿಡಿಯಲು ಒಂದು ಉಪಾಯ ಇದೆ. ನಮ್ಮ ಕಡೆ ಯಾಕೋ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಜಾಹೀರಾತು ಬರುವ ತನಕ ಕಾಯಬೇಕಿಲ್ಲ. ಅನುದಾನ ಮಂಜೂರಾದ ಪಟ್ಟಿಗಳೇ ಎಲ್ಲರಿಗೂ ತೆರೆದಿವೆ. ಯುರೋಪಿನ ಒಕ್ಕೂಟ ಹಣ ಕೊಟ್ಟ ಪ್ರತಿ ಯೋಜನೆಯೂ ಕಾರ್ಡಿಸ್ ಎಂಬ ದತ್ತಾಂಶಕೋಶದಲ್ಲಿರುತ್ತದೆ. ಜರ್ಮನಿಯ ಸಂಶೋಧನಾ ನಿಧಿ ಡಿಎಫ್‌ಜಿಗೆ ಗೆಪ್ರಿಸ್, ಸ್ವೀಡನ್ನಿಗೆ ಸ್ವೆಕ್ರಿಸ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್, ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅದರದೇ ಹುಡುಕುಪುಟ. ಅಲ್ಲಿ 'ಫ್ಲೋರೈಡ್' ಅಂತಲೋ 'ಅಂತರ್ಜಲ' ಅಂತಲೋ ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಯೋಜನೆಯ ಹೆಸರು, ಮುಖ್ಯ ಸಂಶೋಧಕರು, ಮೊತ್ತ, ಶುರುವಾಗುವ ದಿನ, ಮುಗಿಯುವ ದಿನ ಬರುತ್ತದೆ. ಇನ್ನು ಮೂರು ತಿಂಗಳಿಗೆ ಶುರುವಾಗುವ ಯೋಜನೆ ಕಂಡರೆ, ಅದರ ಪ್ರೊಫೆಸರ್ ಈಗ ಜನ ಹುಡುಕುತ್ತಿರುತ್ತಾರೆ ಎಂದೇ ಲೆಕ್ಕ. ಮುಂದಿನ ವರ್ಷ ಮುಗಿಯುವ ಯೋಜನೆ ಕಂಡರೆ ಅಲ್ಲಿಗೆ ಪತ್ರ ಬರೆದು ಪ್ರಯೋಜನವಿಲ್ಲ, ಅವರು ಎಷ್ಟೇ ದೊಡ್ಡ ಹೆಸರಿನವರಾಗಿರಲಿ.

ಆಮೇಲೆ ಜಾಹೀರಾತು ನೋಡುವ ಕೆಲಸ. ಯುರೋಪಿಗೆಲ್ಲ ಯುರಾಕ್ಸೆಸ್, ನೆದರ್ಲೆಂಡ್ಸಿಗೆ ಅಕಾಡೆಮಿಕ್ ಟ್ರಾನ್ಸ್‌ಫರ್, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ಮತ್ತು ಫೈಂಡ್ ಎ ಪಿಎಚ್‌ಡಿ, ಜರ್ಮನಿಗೆ ಡಾಡ್ ಸಂಸ್ಥೆಯ ಪಟ್ಟಿ. ಒಂದೊಂದು ದೇಶದ್ದು ಒಂದೊಂದು ರೀತಿ. ನೆದರ್ಲೆಂಡ್ಸಿನಲ್ಲಿ ನಾಲ್ಕು ವರ್ಷದ ನೌಕರಿ. ಒಂದು ವರ್ಷದ ಹೊತ್ತಿಗೆ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನ ಮಾಡುತ್ತಾರೆ. ಡೆಲ್ಫ್ಟ್, ವಾಗೆನಿಂಗನ್ ವಿಶ್ವವಿದ್ಯಾಲಯಗಳು ನೀರಿಗೂ ಪರಿಸರಕ್ಕೂ ಹೆಸರಾದವು. ಡೆನ್ಮಾರ್ಕಿನಲ್ಲಿ ಮೂರೇ ವರ್ಷ, ಉಸಿರಾಡಲು ಬಿಡುವಿಲ್ಲ. ಜರ್ಮನಿಯಲ್ಲಿ ಲೈಪ್ಝಿಗ್‌ನ ಯುಎಫ್‌ಝಡ್, ಕಾರ್ಲ್ಸ್‌ರೂಹೆಯ ಕೆಐಟಿಯಂಥ ಕಡೆ ಹುದ್ದೆಗಳು ಬರುತ್ತಿರುತ್ತವೆ, ಆದರೆ ಸಂಬಳದ ಸಾಲನ್ನು ಎರಡು ಸಲ ಓದಬೇಕು. 'ಇ13 ವೇತನಶ್ರೇಣಿ, ಶೇಕಡಾ 65' ಎಂದಿದ್ದರೆ ಸಂಬಳ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಲ್ಯಾಬಿನಲ್ಲಿ ಕಳೆಯುವ ಹೊತ್ತು ಮೂರಕ್ಕೆ ಮೂರೂ ಪಾಲು. ಬ್ರಿಟನ್ನಿನಲ್ಲಿ ಸರ್ಕಾರಿ ಸಂಶೋಧನಾ ಮಂಡಳಿಯ ಹಣದ ಪಿಎಚ್‌ಡಿಗಳಿಗೆ 2021ರಿಂದ ಹೊರದೇಶದವರೂ ಅರ್ಹರು, ಆದರೆ ಅವರ ಪಾಲು ಶೇಕಡಾ 30 ದಾಟುವಂತಿಲ್ಲ.

ಮೇರಿ ಕ್ಯೂರಿ ಹೆಸರಿನ ಯುರೋಪಿಯನ್ ಡಾಕ್ಟೋರಲ್ ನೆಟ್‌ವರ್ಕುಗಳನ್ನು ನಮ್ಮ ಮಕ್ಕಳು ವಿಶೇಷವಾಗಿ ಗಮನಿಸಬೇಕು. ಒಂದೇ ಯೋಜನೆಯಡಿ ಹಲವು ದೇಶಗಳಲ್ಲಿ ಒಟ್ಟಿಗೆ ಹತ್ತಾರು ಹುದ್ದೆ ತೆರೆಯುತ್ತವೆ. ಅದರಲ್ಲಿ ಒಂದು ಷರತ್ತಿದೆ: ಹುದ್ದೆ ಇರುವ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೀವು ವಾಸ ಮಾಡಿರಬಾರದು. ಜರ್ಮನಿಯಲ್ಲೇ ಮಾಸ್ಟರ್ಸ್ ಮುಗಿಸಿದ ಹುಡುಗನಿಗೆ ಜರ್ಮನಿಯ ಆ ಹುದ್ದೆ ಸಿಗುವುದಿಲ್ಲ; ದಾವಣಗೆರೆಯಲ್ಲಿ ಕೂತವನಿಗೆ ಯುರೋಪಿನ ಯಾವ ದೇಶದ್ದಾದರೂ ಆಗುತ್ತದೆ. ಊರು ಬಿಟ್ಟು ಕದಲದವರಿಗೆ ಅನುಕೂಲವಾದ ನಿಯಮ ಅಪರೂಪ. ಬಳಸಿಕೊಳ್ಳಿ.

ಅಮೆರಿಕದ ರೀತಿ ಬೇರೆ. ಅಲ್ಲಿ ಅರ್ಜಿ ಹೋಗುವುದು ವಿಭಾಗಕ್ಕೆ. ಡಿಸೆಂಬರ್ ಸುಮಾರಿಗೆ ಕೊನೆಯ ದಿನ, ವಸಂತದ ಹೊತ್ತಿಗೆ ಉತ್ತರ, ಆಫರ್ ಒಪ್ಪುತ್ತೀರೋ ಇಲ್ಲವೋ ಎಂದು ಹೇಳಲು ಸಾಮಾನ್ಯವಾಗಿ ಏಪ್ರಿಲ್ 15ರ ತನಕ ಅವಕಾಶ. ಬಿ.ಇ. ಮುಗಿಸಿದವರು ನೇರವಾಗಿ ಪಿಎಚ್‌ಡಿಗೆ ಹೋಗಬಹುದು. ಸ್ವೀಡನ್ನಿನಲ್ಲಿ ಮಾಸ್ಟರ್ಸ್ ಮಟ್ಟದ ಓದು ಬೇಕೇ ಬೇಕು. ಅಮೆರಿಕದಲ್ಲೂ ಕೊನೆಗೆ ಕೈಹಿಡಿಯುವುದು ಪ್ರೊಫೆಸರರ ಅನುದಾನವೇ. 2025ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸಂಶೋಧನಾ ಹಣಕ್ಕೆ ಕತ್ತರಿ ಹಾಕಿದಾಗ ಹಲವು ವಿಶ್ವವಿದ್ಯಾಲಯಗಳು ಆ ವರ್ಷದ ಪಿಎಚ್‌ಡಿ ಪ್ರವೇಶವನ್ನೇ ಕಡಿಮೆ ಮಾಡಿದವು. ಕೈಗೆ ಬಂದ ಆಫರ್ ಹಿಂದಕ್ಕೆ ಹೋದದ್ದೂ ಉಂಟು. ಅಂಥವರ ಅಂಕಪಟ್ಟಿಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಇನ್ನು ಪ್ರೊಫೆಸರಿಗೆ ಬರೆಯುವ ಪತ್ರದ ವಿಷಯ. ಸ್ವೀಡನ್ನಿನಲ್ಲಿ ನನ್ನ ಗೈಡು ಮುಂದಿನ ವಿದ್ಯಾರ್ಥಿಯನ್ನು ಆರಿಸುವಾಗ ಅರ್ಜಿಗಳ ಮೊದಲ ಓದಿಗೆ ನನ್ನನ್ನೂ ಕೂರಿಸಿಕೊಂಡಿದ್ದರು. ನೂರರ ಮೇಲೆ ಅರ್ಜಿ. ನಮ್ಮ ದೇಶದಿಂದ ಬಂದವೇ ಬಹಳ, ಮತ್ತು ಅವುಗಳಲ್ಲಿ ಬಹಳಷ್ಟು ಪತ್ರಗಳು ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದ ಲಗ್ನಪತ್ರಿಕೆಯಂತಿದ್ದವು. ಗೌರವಾನ್ವಿತ ಸರ್, ನಾನು ಅತ್ಯಂತ ಉತ್ಸಾಹಿ, ಕಷ್ಟಪಟ್ಟು ದುಡಿಯುವವನು, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಟ್ಟರೆ ಚಿರಋಣಿ. ನನ್ನ ಗೈಡು ಹೆಂಗಸು. 'ಸರ್' ಎಂದು ಬರೆದವರನ್ನು ಅವರೇನೂ ತಳ್ಳಿಹಾಕಲಿಲ್ಲ, ಆದರೆ ಪ್ರಕಟಣೆಯಲ್ಲಿದ್ದ ಹೆಸರನ್ನೂ ಓದಿಲ್ಲ ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಬೀಳುತ್ತಿತ್ತು. ಕೊನೆಗೆ ಆಯ್ಕೆಯಾದದ್ದು ಘಾನಾದ ಹುಡುಗ. ಅವನ ಅಂಕ ನಡುಮಟ್ಟದ್ದು. ಆದರೆ ಮಾಸ್ಟರ್ಸ್ ಪ್ರಬಂಧದಲ್ಲಿ, ತನ್ನ ಇದ್ದಿಲಿನ ಕಾಲಂ ಲೆಕ್ಕಕ್ಕಿಂತ ಮೊದಲೇ ಯಾಕೆ ಸೋತಿತು ಎಂದು ವಿವರಿಸುವ ಎರಡು ಪುಟ ಇತ್ತು. ನೀರಿನಲ್ಲಿದ್ದ ಸಾವಯವ ಪದಾರ್ಥ ಇದ್ದಿಲಿನ ರಂಧ್ರಗಳನ್ನು ಹಿಡಿದುಬಿಟ್ಟಿತ್ತು ಎಂಬುದನ್ನು ಅವನು ಮೂರು ಸಣ್ಣ ಪ್ರಯೋಗ ಮಾಡಿ ತೋರಿಸಿದ್ದ. ಇವನು ನಾಲ್ಕು ವರ್ಷ ತಾಳುತ್ತಾನೆ ಎಂದರು ಗೈಡು.

ಸ್ವೀಡನ್ನಿನಲ್ಲಿ ಸರ್ಕಾರಿ ಕಚೇರಿಗೆ ಬಂದ ಅರ್ಜಿಗಳು ಸಾರ್ವಜನಿಕ ದಾಖಲೆ. ಹುದ್ದೆ ಸಿಗದವರು, ಆಯ್ಕೆಯಾದವರ ಅರ್ಜಿಯನ್ನು ಕೇಳಿ ತರಿಸಿಕೊಂಡು ಓದಬಹುದು. ನಾಚಿಕೆಪಡುವಂಥದ್ದೇನೂ ಇಲ್ಲ, ಒಳ್ಳೆಯ ಅರ್ಜಿ ಹೇಗಿರುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಜಗಳೂರು ಕಡೆಯ ನಮ್ಮ ಎಂ.ಟೆಕ್. ಹುಡುಗನೊಬ್ಬನ ಪತ್ರ ಇಲ್ಲಿ ಹೇಳಬೇಕು. ಅವನ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಆರ್‌ಒ ನೀರು ಬರುತ್ತದೆ. ಫ್ಲೋರೈಡ್ ಇರುವ ಸೀಮೆ ಅದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಘಟಕ ಒಳ್ಳೆಯದೇ. ಆದರೆ ಯಂತ್ರ ತಿರಸ್ಕರಿಸಿದ ನೀರು, ಅಂದರೆ ಫ್ಲೋರೈಡೆಲ್ಲ ಸಾಂದ್ರವಾಗಿ ಕೂತ ನೀರು, ಪಕ್ಕದ ಚರಂಡಿಗೆ ಹೋಗುತ್ತದೆ. ಚರಂಡಿಯಿಂದ ಎಲ್ಲಿಗೆ? ಹುಡುಗ ಒಂದು ಮಳೆಗಾಲ, ಒಂದು ಬೇಸಿಗೆ ಕ್ಯಾನು ಹೊತ್ತು ತಿರುಗಿ, ನಮ್ಮ ಲ್ಯಾಬಿನ ಹಳೆಯ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಸ್ಪ್ಯಾಡ್ನ್ಸ್ ವಿಧಾನದಿಂದ ಫ್ಲೋರೈಡ್ ಅಳೆದ. ಕೆಂಪು ಬಣ್ಣ ಎಷ್ಟು ಮಾಸಿತು ಎಂಬುದರ ಮೇಲೆ ಫ್ಲೋರೈಡ್ ಎಷ್ಟಿದೆ ಎಂದು ಹೇಳುವ ವಿಧಾನ ಅದು. ನೀರಿನಲ್ಲಿ ಕ್ಷಾರ ಹೆಚ್ಚಿದ್ದರೆ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ಹಿಡಿದು ಸರಿಪಡಿಸಲು ಅವನಿಗೆ ಪ್ರಾಜೆಕ್ಟಿನ ಅರ್ಧ ಹೊತ್ತು ಹೋಯಿತು.

ಪತ್ರ ಬರೆಯುವಾಗ ಅವನೂ ಉತ್ಸಾಹಿ, ಶ್ರಮಜೀವಿ ಎಂದೇ ಶುರು ಮಾಡಿದ್ದ. ಎಲ್ಲ ಹೊಡೆದು ಹಾಕಿ, ಕಂಡದ್ದನ್ನು ಬರಿ ಅಂದೆ. ಕೊನೆಗೆ ಹೋದ ಇಂಗ್ಲಿಷ್ ಪತ್ರದ ಸಾರ ಇದು: 'ಅಲ್ಯುಮಿನಾದಿಂದ ಫ್ಲೋರೈಡ್ ತೆಗೆಯುವ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ನಿಮ್ಮ ಪ್ರಯೋಗಗಳು ಲ್ಯಾಬಿನಲ್ಲೇ ತಯಾರಿಸಿದ ನೀರಿನಲ್ಲಿ ನಡೆದಿವೆ. ನಮ್ಮ ತಾಲ್ಲೂಕಿನ ಆರ್‌ಒ ಘಟಕಗಳು ಹೊರಹಾಕುವ ನೀರನ್ನು ಎರಡು ಋತುಗಳಲ್ಲಿ ಅಳೆದಿದ್ದೇನೆ. ಅದರಲ್ಲಿ ಬೈಕಾರ್ಬನೇಟ್ ತುಂಬಾ ಇದೆ, ಹಾಗಾಗಿ ಅಲ್ಯುಮಿನಾದ ಮೇಲೆ ಫ್ಲೋರೈಡಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ ಎಂದು ನನ್ನ ಅನುಮಾನ. ಅಳತೆಗಳ ಎರಡು ಪುಟ ಲಗತ್ತಿಸಿದ್ದೇನೆ. ಮುಂದಿನ ವರ್ಷ ನಿಮ್ಮಲ್ಲಿ ಪಿಎಚ್‌ಡಿ ಹುದ್ದೆ ತೆರೆಯುವ ಸಂಭವವಿದೆಯೇ?' ಅಷ್ಟೇ. ಉತ್ತರ ಬಂತು: ಈಗ ಹಣವಿಲ್ಲ, ಒಂದು ಯೋಜನೆಗೆ ಅರ್ಜಿ ಹಾಕಿದ್ದೇವೆ, ಬಂದರೆ ಮಾರ್ಚಿನ ಸುಮಾರಿಗೆ ಪ್ರಕಟಣೆ ಹೊರಡುತ್ತದೆ, ಈ ನಡುವೆ ಇನ್ನೊಬ್ಬರನ್ನು ಕೇಳಿ ನೋಡು ಎಂದು ಒಂದು ಹೆಸರು. ಒಳ್ಳೆಯ ಪತ್ರಕ್ಕೂ ಬರುವ ಒಳ್ಳೆಯ ಉತ್ತರ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಹುಡುಗ ಮುಖ ಸಣ್ಣ ಮಾಡಿಕೊಂಡಿದ್ದ. ನನಗಂತೂ ಖುಷಿಯಾಗಿತ್ತು.

ಶಿಫಾರಸು ಪತ್ರದ ಬಗ್ಗೆ ನಮ್ಮ ಮೇಷ್ಟ್ರುಗಳಿಗೇ ಒಂದು ಮಾತು. 'ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ' ಅನ್ನುವ ಪದ್ಧತಿ ನಿಲ್ಲಬೇಕು. ಹುಡುಗನ ಪತ್ರ, ಮೂವರು ಮೇಷ್ಟ್ರ ಶಿಫಾರಸು, ನಾಲ್ಕರಲ್ಲೂ ಒಂದೇ ಶೈಲಿ, ಒಂದೇ ತಪ್ಪು ಇಂಗ್ಲಿಷ್ ಇದ್ದರೆ ಓದುವವರಿಗೆ ತಿಳಿಯುವುದಿಲ್ಲವೇ? ಅಲ್ಲಿನವರು ಹಲವು ಸಲ ಫೋನಿನಲ್ಲೇ ಕೇಳುತ್ತಾರೆ: ಇವನ ಪ್ರಯೋಗ ಕೈಕೊಟ್ಟಾಗ ಏನು ಮಾಡಿದ? ಜೊತೆಯವರೊಂದಿಗೆ ಹೇಗಿರುತ್ತಾನೆ? ಇದಕ್ಕೆ ಉತ್ತರ ಹೇಳಬೇಕಾದರೆ ಮೇಷ್ಟ್ರು ಲ್ಯಾಬಿಗೆ ಹೋಗಿರಬೇಕಾಗುತ್ತದೆ.

ಹೊರದೇಶದ ಮಾತೇ ಹೆಚ್ಚಾಯಿತು. ನಮ್ಮಲ್ಲೂ ಪ್ರಶ್ನೆಗಳಿಗೆ ಬರವಿಲ್ಲ, ಹಣವೂ ಪೂರ್ತಿ ಇಲ್ಲವೆಂದಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆಯೂ ಇದೆ; ಊರಿನ ಗಾಳಿ ಮಾನದಂಡಕ್ಕೆ ಮುಟ್ಟಿಲ್ಲ ಅನ್ನುವ ಕಾರಣಕ್ಕೆ. ಧೂಳು ಎಲ್ಲಿಂದ ಬರುತ್ತದೆ, ರಸ್ತೆಯದೆಷ್ಟು, ಹೊಗೆಯದೆಷ್ಟು ಎಂದು ಲೆಕ್ಕ ಹಾಕುವವರು ಬೇಕು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಬೋರ್‌ವೆಲ್ಲುಗಳಲ್ಲಿ ನೀರು ಬಂತು ಎಂದು ಸಂತೋಷಪಟ್ಟವರೂ ಇದ್ದಾರೆ, ಆ ನೀರಿನಲ್ಲಿ ಇನ್ನೇನು ಬಂತು ಎಂದು ಕೇಳುವವರೂ ಇದ್ದಾರೆ. ಆ ಎರಡನೇ ಪ್ರಶ್ನೆಯಲ್ಲಿ ಎಷ್ಟೋ ಪಿಎಚ್‌ಡಿಗಳು ಕೂತಿವೆ.

ಬಾಗಿಲುಗಳು ಕೆಲವಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿವಿಲ್ ವಿಭಾಗ ಮಾತ್ರ ಅಂದುಕೊಂಡವರೇ ಹೆಚ್ಚು. ಅಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರವಿದೆ, 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ 'ಅಸ್ತ್ರ' ಎಂಬ ಕೇಂದ್ರದ ಮುಂದುವರಿಕೆ ಅದು. ಜಲ ಸಂಶೋಧನೆಗೇ ಒಂದು ಅಂತರಶಾಸ್ತ್ರೀಯ ಕೇಂದ್ರವಿದೆ, ವಾತಾವರಣ-ಸಾಗರ ವಿಜ್ಞಾನಕ್ಕೆ, ಪರಿಸರ ವಿಜ್ಞಾನಕ್ಕೆ ಬೇರೆಬೇರೆ ಕೇಂದ್ರಗಳಿವೆ. ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿ ಇವೆ. ಎಂಜಿನಿಯರಿಂಗ್ ಒಂದೇ ಸಾಲದು, ಜನ, ಕಾಡು, ನೀರು ಒಟ್ಟಿಗೆ ಬೇಕು ಅನ್ನುವವರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆ ಇದೆ. ನಾಗಪುರದ ನೀರಿ ಸಂಸ್ಥೆ 1958ರಿಂದ ಪರಿಸರ ಎಂಜಿನಿಯರಿಂಗ್ ಸಂಶೋಧನೆಯಲ್ಲಿದೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ಅದರ ಅಂಕ ಮೂರು ವರ್ಷ ಚಾಲ್ತಿ. ನೆಟ್ ಬರೆದು ಜೆಆರ್‌ಎಫ್ ಫೆಲೋಶಿಪ್ ಪಡೆದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಣ ನಿಮ್ಮ ಜೊತೆಯಲ್ಲೇ ಬರುವುದರಿಂದ ಗೈಡ್ ಹುಡುಕುವುದು ಸಲೀಸು. ಜೆಆರ್‌ಎಫ್ ತಪ್ಪಿದರೂ 2024ರಿಂದ ನೆಟ್ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ಬಳಸಬಹುದು. ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ 30.

ನಾನು ಹೆಚ್ಚು ಶಿಫಾರಸು ಮಾಡುವುದು ಮಾತ್ರ ಪ್ರಾಜೆಕ್ಟ್ ಹುದ್ದೆ. ಸಂಸ್ಥೆಗಳ ನೋಟಿಸ್ ಬೋರ್ಡಿನಲ್ಲಿ ಒಂದೇ ಪುಟದ ಪ್ರಕಟಣೆ ಅಂಟಿರುತ್ತದೆ: ಇಂಥ ಯೋಜನೆಗೆ ಜೆಆರ್‌ಎಫ್ ಅಥವಾ ಪ್ರಾಜೆಕ್ಟ್ ಅಸೋಸಿಯೇಟ್ ಬೇಕು, ಇಂಥ ದಿನ ನೇರ ಸಂದರ್ಶನ. ಪಿಎಚ್‌ಡಿ ಎಂಬ ಪದವೇ ಅದರಲ್ಲಿ ಇಲ್ಲದಿರುವುದರಿಂದ ಮಕ್ಕಳು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಸಂಬಳದ ಜೊತೆ ಲ್ಯಾಬ್ ಪರಿಚಯವಾಗುತ್ತದೆ, ಶಿಫಾರಸು ಬರೆಯುವವರು ಸಿಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಐದು ವರ್ಷ ಇದನ್ನೇ ಮಾಡಬಲ್ಲೆನೇ ಎಂಬುದು ತಿಳಿಯುತ್ತದೆ. ಪ್ರವೇಶ ಪರೀಕ್ಷೆ, ಸಂದರ್ಶನ ಆಮೇಲೂ ಎದುರಿಸಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಜಗಳೂರಿನ ಹುಡುಗ ಈಗ ಅಂಥದ್ದೊಂದು ಹುದ್ದೆಯಲ್ಲಿದ್ದಾನೆ.

ಖಾಸಗಿ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ನೋಂದಾಯಿಸಿಕೊಳ್ಳುವವರೂ ಬಹಳ. ಪಾಠ ಮಾಡುತ್ತಲೇ ಪಿಎಚ್‌ಡಿ ಮುಗಿಸಬೇಕಾದ ಅಧ್ಯಾಪಕರಿಗೆ ಬೇರೆ ದಾರಿಯಿಲ್ಲ. ಆದರೆ ಇಪ್ಪತ್ಮೂರು ವರ್ಷದ ಹುಡುಗಿ ಫೆಲೋಶಿಪ್ ಇಲ್ಲದೆ, ವರ್ಷವರ್ಷ ಫೀಸು ಕಟ್ಟಿಕೊಂಡು, ಉಪಕರಣಕ್ಕೆ ಬೇರೆ ಊರಿಗೆ ಓಡಾಡಿಕೊಂಡು ಪೂರ್ಣಾವಧಿ ಪಿಎಚ್‌ಡಿ ಮಾಡುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಎಂಜಿನಿಯರಿಂಗ್, ಪರಿಸರ ವಿಜ್ಞಾನಗಳಲ್ಲಿ ಕೈಯಿಂದ ದುಡ್ಡು ಹಾಕಿ ಪಿಎಚ್‌ಡಿ ಮಾಡಬಾರದು. ಹೊರದೇಶಕ್ಕೂ ಇದೇ ಮಾತು. ಬ್ಯಾಂಕ್ ಸಾಲ ಕೊಡಿಸಿ ಪಿಎಚ್‌ಡಿ ಸೀಟು ಮಾಡಿಸಿಕೊಡುತ್ತೇವೆ ಎಂದು ಬೋರ್ಡು ಹಾಕಿಕೊಂಡ ಕನ್ಸಲ್ಟೆನ್ಸಿಯೊಂದಕ್ಕೆ ಅಡಿಕೆ ದುಡ್ಡು ಸುರಿಯಲು ಹೊರಟಿದ್ದ ಚನ್ನಗಿರಿ ಕಡೆಯ ತಂದೆಯೊಬ್ಬರಿಗೆ ಇದನ್ನು ಒಪ್ಪಿಸಲು ಒಂದಿಡೀ ಸಂಜೆ ಹಿಡಿಯಿತು. ಸಂಬಳದ ಹುದ್ದೆಗೆ ದಲ್ಲಾಳಿ ಬೇಕಾಗಿಲ್ಲ ಯಜಮಾನ್ರೇ, ಅರ್ಜಿ ನಿಮ್ಮ ಮಗಳೇ ಹಾಕಬಹುದು, ಖರ್ಚು ಅಂದರೆ ಬಹುತೇಕ ಇಂಗ್ಲಿಷ್ ಪರೀಕ್ಷೆಯ ಫೀಸು ಮಾತ್ರ ಅಂದೆ. 'ಹಂಗಾರೆ ಅವ್ರು ಯಾತಕ್ ಮೇಡಂ ದುಡ್ ಕೇಳ್ತಾರೆ?' ಅಂದರು. ಆ ಪ್ರಶ್ನೆಯಲ್ಲೇ ಉತ್ತರ ಇತ್ತು.

ಹೆಣ್ಣುಮಕ್ಕಳ ತಂದೆತಾಯಿ ಕೇಳುವ ಇನ್ನೊಂದು ಪ್ರಶ್ನೆ ಮದುವೆಯದು. ನನ್ನನ್ನೂ ಕೇಳಿದ್ದರು. ನಿಯಮ ಏನಿದೆಯೋ ಅದನ್ನು ಹೇಳುತ್ತೇನೆ: ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಆರು ವರ್ಷದ ಗಡಿ, ಮೇಲೆ ಎರಡು ವರ್ಷ ವಿಸ್ತರಣೆ, ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ. ಸ್ವೀಡನ್ನಿನಲ್ಲಿ ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ, ಅಷ್ಟು ದಿನ ಪಿಎಚ್‌ಡಿ ಅವಧಿಯೂ ಮುಂದಕ್ಕೆ ಹೋಗುತ್ತದೆ. ನನ್ನ ಪಕ್ಕದ ಮೇಜಿನ ಪೋಲೆಂಡಿನ ಹುಡುಗ ಮಗು ನೋಡಿಕೊಳ್ಳಲೆಂದು ಅರ್ಧ ವರ್ಷ ಲ್ಯಾಬಿಗೆ ಬರಲಿಲ್ಲ. ಅವನ ಕಾಲಮ್ಮುಗಳಿಗೆ ನೀರು ಬಿಡುವ ಕೆಲಸ ನಮ್ಮ ಮೇಲೆ ಬಿತ್ತು.

ಕೊನೆಗೆ ಗೈಡ್. ಹುದ್ದೆ ಸಿಕ್ಕ ಸಂಭ್ರಮದಲ್ಲಿ ಇವರು ಎಂಥವರು ಎಂದು ವಿಚಾರಿಸುವುದನ್ನೇ ಮರೆಯುತ್ತಾರೆ. ನಮ್ಮಲ್ಲಿ ಒಬ್ಬ ಪ್ರೊಫೆಸರ್ ಒಟ್ಟಿಗೆ ಎಂಟು ಜನಕ್ಕಿಂತ, ಅಸೋಸಿಯೇಟ್ ಆರಕ್ಕಿಂತ, ಅಸಿಸ್ಟೆಂಟ್ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ ಎಂದು ಯುಜಿಸಿ ಹೇಳುತ್ತದೆ. ಎಂಟು ಮಂದಿ ಈಗಾಗಲೇ ಇದ್ದರೆ ನಿಮಗೆ ಸಿಗುವ ಹೊತ್ತೆಷ್ಟು ಎಂಬ ಲೆಕ್ಕ ನೀವೇ ಹಾಕಿಕೊಳ್ಳಬೇಕು. ಸ್ವೀಡನ್ನಿನಲ್ಲಿ ವಿದ್ಯಾರ್ಥಿ ಕೇಳಿದರೆ ಗೈಡ್ ಬದಲಿಸಿಕೊಡಲೇಬೇಕು, ಕಾರಣ ಒಪ್ಪಿಸಬೇಕಾಗಿಲ್ಲ. ಇಲ್ಲಿ ಅಷ್ಟು ಸುಲಭವಲ್ಲ. ಅದಕ್ಕೇ ಸೇರುವ ಮೊದಲು ಅವರ ಈಗಿನ ಒಬ್ಬ, ಬಿಟ್ಟುಹೋದ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿ. ಬಿಟ್ಟುಹೋದವರು ಹೆಚ್ಚು ಮಾತಾಡುತ್ತಾರೆ. ಕೇಳಬೇಕಾದ್ದು: ಗೈಡು ಕೂತು ಮಾತಾಡುವುದು ಎಷ್ಟು ದಿನಕ್ಕೊಮ್ಮೆ? ಡ್ರಾಫ್ಟ್ ಕೊಟ್ಟರೆ ವಾಪಸ್ ಬರಲು ಎಷ್ಟು ದಿನ? ಲೇಖನದಲ್ಲಿ ಮೊದಲ ಹೆಸರು ಯಾರದು? ಯಂತ್ರ ಕೆಟ್ಟರೆ ರಿಪೇರಿಗೆ ಹಣ ಎಲ್ಲಿಂದ?

ನಮ್ಮ ಹರಿಹರದ ಹುಡುಗಿಯೊಬ್ಬಳು ಹೀಗೆ ವಾಟ್ಸಾಪಿನಲ್ಲಿ ವಿಚಾರಿಸಿ, ಹೆಸರಾಂತ ಸಂಸ್ಥೆಯೊಂದರ ಆಫರನ್ನು ಬಿಟ್ಟಳು. ಆ ಗೈಡಿನ ಹುಡುಗರು ಅವರ ಮುಖ ನೋಡಿ ತಿಂಗಳುಗಳೇ ಆಗಿದ್ದವಂತೆ. ಮನೆಯಲ್ಲಿ ಗಲಾಟೆಯಾಯಿತು, ನನಗೂ ಅವಳಪ್ಪ ಫೋನ್ ಮಾಡಿ ಬೈದರು. ಅಷ್ಟೇನೂ ಹೆಸರಿಲ್ಲದ ಇನ್ನೊಂದು ಕಡೆ ಸೇರಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಪ್ರತಿ ಸೋಮವಾರ ಬೆಳಿಗ್ಗೆ ಗೈಡ್ ಜೊತೆ ಅರ್ಧ ಗಂಟೆ ಕೂರುತ್ತಾಳಂತೆ. ಅದರಲ್ಲಿ ಹತ್ತು ನಿಮಿಷ ಪಂಪ್ ರಿಪೇರಿಯ ಮಾತೇ ಆಗುತ್ತದೆ ಮೇಡಂ ಅಂತಾಳೆ.